ಸದನ ಸೇರಿತ್ತು, ಶಾಸಕರೂ ಇದ್ದರು

ಶಾಸಕರೊಬ್ಬರು ರಾಜಧಾನಿಯಲ್ಲಿ ಕಳೆಯುವ ಒಂದು ವಾರದಲ್ಲಿ ಮಾಡಬೇಕಾದ ಕೆಲಸ ಯಾವುದು? ಈ ಪ್ರಶ್ನೆಗೆ ನಮ್ಮ ಸಂವಿಧಾನ ಕೊಡುವ ಉತ್ತರ ಸರಳವಾದುದು: ಶಾಸನ ಮಾಡುವುದು, ಸರಕಾರವನ್ನು ಪ್ರಶ್ನಿಸುವುದು, ಬೊಕ್ಕಸದ ಹಣಕ್ಕೆ ಲೆಕ್ಕ ಕೇಳುವುದು. ನಮ್ಮ ರಾಜಕಾರಣ ಕೊಡುವ ಉತ್ತರ ಬೇರೆ. ಶಾಸಕರ ಭವನದ ಕೋಣೆಯಲ್ಲಿ ವರ್ಗಾವಣೆಯ ಅರ್ಜಿಗಳಿಗೆ ಶಿಫಾರಸು ಬರೆಯುವುದು, ಸಚಿವರ ಆಪ್ತ ಕಾರ್ಯದರ್ಶಿಯ ಮೇಜಿನೆದುರು ಕಾಯುವುದು, ಪಕ್ಷದ ನಾಯಕರು ಕರೆದಾಗ ಕೈಯೆತ್ತುವುದು. ಈ ಎರಡು ಉತ್ತರಗಳ ನಡುವಿನ ಅಂತರವನ್ನು ಅಳೆಯಲು ನಾನು ಒಂದು ನಿರ್ದಿಷ್ಟ ವಾರವನ್ನು ಆರಿಸಿಕೊಂಡಿದ್ದೇನೆ: 2024ರ ಜುಲೈ 15, ಸೋಮವಾರದಿಂದ 19, ಶುಕ್ರವಾರದವರೆಗೆ. ಹೊರನಾಡ ಕನ್ನಡಿಗರು ಮರೆಯಬಾರದ ವಾರವದು. ನಮ್ಮ ಸಂಘಗಳಲ್ಲಿ ಅದರ ಚರ್ಚೆಯೇ ಆಗಲಿಲ್ಲ ಎಂಬುದು ಈ ಲೇಖನವನ್ನು ಬರೆಯಲು ಮುಖ್ಯ ಕಾರಣ.

ಆ ಸೋಮವಾರ ವಿಧಾನಮಂಡಲದ ಮಳೆಗಾಲದ ಅಧಿವೇಶನ ಬೆಂಗಳೂರಿನಲ್ಲಿ ಆರಂಭವಾಯಿತು. ಅದೇ ದಿನ ರಾಜ್ಯದ ಸಚಿವ ಸಂಪುಟವು ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬುದು ಅದರ ಸಾರ. ಮರುದಿನ, ಮಂಗಳವಾರ, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರಿನಲ್ಲಿ ಸಾಮಾಜಿಕ ಜಾಲತಾಣದಲ್ಲಿ ಒಂದು ಪ್ರಕಟಣೆ ಬಂತು. ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳಲ್ಲಿ ಶೇ. 100 ಕನ್ನಡಿಗರಿಗೆ ಎಂದು ಅದರಲ್ಲಿ ಹೇಳಲಾಗಿತ್ತು. ಬುಧವಾರ ಆ ಪ್ರಕಟಣೆಯನ್ನು ಅಳಿಸಲಾಯಿತು. ಉದ್ಯಮಿಗಳ ಅಸಮಾಧಾನ, ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂನ ಹೇಳಿಕೆ ಹೊರಬಿದ್ದವು. ಗುರುವಾರ ಸದನದಲ್ಲಿ ಮಂಡನೆಯಾದೀತೆಂದು ಪತ್ರಿಕೆಗಳು ಬರೆದಿದ್ದ ಮಸೂದೆಯನ್ನು ಬುಧವಾರ ಸಂಜೆಯ ಹೊತ್ತಿಗೆ ತಡೆಹಿಡಿಯಲಾಯಿತು.

ಹುಟ್ಟಿನಿಂದ ತಡೆಯವರೆಗೆ ಮೂರು ದಿನ. ವಿಧಾನಸಭೆಯ ಅಧಿವೇಶನ ಆಗ ನಡೆಯುತ್ತಿತ್ತು. ಅದರ 224 ಮಂದಿ ಸದಸ್ಯರನ್ನು ನಾಡಿನ ಜನ ಆರಿಸಿ ಕಳುಹಿಸಿದ್ದು ಇಂಥ ಮಸೂದೆಗಳನ್ನು ತೂಗಿ ನೋಡುವುದಕ್ಕಾಗಿಯೇ. ಆದರೆ ಮಸೂದೆ ಸಂಪುಟದ ಬಾಗಿಲಿನಿಂದ ಹೊರಬಂದು, ಜಾಲತಾಣದ ಅಂಗಳದಲ್ಲಿ ಆಡಿ, ಅದೇ ಬಾಗಿಲಿನಿಂದ ಒಳಕ್ಕೆ ಹೋಯಿತು. ಸದನದ ಹೊಸ್ತಿಲನ್ನು ಅದು ತುಳಿಯಲೇ ಇಲ್ಲ. ಉದ್ಯಮಿಗಳ ನಾಲ್ಕು ಸಾಲಿನ ಹೇಳಿಕೆಗೆ ಇದ್ದ ತೂಕ 224 ಜನಪ್ರತಿನಿಧಿಗಳ ನಾಲಗೆಗೆ ಇರಲಿಲ್ಲ.

ಮಸೂದೆ ಒಳ್ಳೆಯದೋ ಕೆಟ್ಟದೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ದುಡಿಯುವ ನೆಲದಲ್ಲಿ ನೆಲದ ಮಕ್ಕಳಿಗೆ ಕೆಲಸ ಸಿಗಬೇಕೆಂಬ ಬೇಡಿಕೆ ನ್ಯಾಯವಾದುದೆಂದೇ ನನ್ನ ನಂಬಿಕೆ. ಮುಂಬಯಿಯಲ್ಲಿ ಬಾಳುವವನಿಗೆ ಆ ಬೇಡಿಕೆಯ ಇನ್ನೊಂದು ಮುಖವೂ ಗೊತ್ತು. 1960ರ ದಶಕದ ಕೊನೆಯಲ್ಲಿ ‘ಲುಂಗಿವಾಲಾ’ಗಳ ವಿರುದ್ಧ ಎದ್ದ ಕೂಗನ್ನು ನಮ್ಮ ಹಿರಿಯರ ಹೋಟೆಲುಗಳು ಅನುಭವಿಸಿವೆ. ಆದುದರಿಂದಲೇ ಇಂಥ ಮಸೂದೆಯ ಒಂದೊಂದು ಪದವೂ ನಮಗೆ ಮುಖ್ಯ. ಮತ್ತು ಆ ಮಸೂದೆಯಲ್ಲಿ ಅತ್ಯಂತ ಮುಖ್ಯವಾದ ಪದ ‘ಸ್ಥಳೀಯ ಅಭ್ಯರ್ಥಿ’.

ಆ ಪದಕ್ಕೆ ಕರಡು ಕೊಟ್ಟ ಅರ್ಥವನ್ನು ನೋಡಿ. ಕರ್ನಾಟಕ ರಾಜ್ಯದಲ್ಲಿ ಹುಟ್ಟಿರಬೇಕು. ರಾಜ್ಯದಲ್ಲಿ 15 ವರ್ಷ ನೆಲೆಸಿರಬೇಕು. ಕನ್ನಡವನ್ನು ಮಾತನಾಡಲು, ಓದಲು, ಬರೆಯಲು ಬಲ್ಲವರಾಗಿರಬೇಕು. ಮೂರನೆಯ ಷರತ್ತಿಗೆ ನಮ್ಮ ತಕರಾರಿಲ್ಲ. ಎರಡನೆಯದನ್ನು ಚರ್ಚಿಸಬಹುದು. ಮೊದಲನೆಯದು ಮಾತ್ರ ಹೊರನಾಡ ಕನ್ನಡಿಗರನ್ನು ಒಂದೇ ಏಟಿಗೆ ಕನ್ನಡದ ಪಂಕ್ತಿಯಿಂದ ಎಬ್ಬಿಸುವಂಥದು. ಉಡುಪಿಯ ಕಡೆಯಿಂದ ಬಂದ ತಂದೆತಾಯಿಗೆ ಮುಂಬಯಿಯಲ್ಲಿ ಹುಟ್ಟಿ, ಇಲ್ಲಿಯ ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ, ಮುಂದೆ ಬೆಂಗಳೂರಿಗೆ ಹೋಗಿ ಅಲ್ಲಿ 20 ವರ್ಷ ಬಾಳಿದರೂ ‘ಸ್ಥಳೀಯ’ಳಾಗುವುದಿಲ್ಲ. ಅಕ್ಕಲಕೋಟೆಯಲ್ಲೋ ಜತ್ತದಲ್ಲೋ ಹುಟ್ಟಿ, ಮನೆಯಲ್ಲೂ ಶಾಲೆಯಲ್ಲೂ ಕನ್ನಡವನ್ನೇ ಉಸಿರಾಡಿದವನೂ ಆಗುವುದಿಲ್ಲ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಜೀವಮಾನವಿಡೀ ಹೋರಾಡಿ, ಆ ಮಣ್ಣಿನಲ್ಲೇ ಹುಟ್ಟಿ ಆ ಮಣ್ಣಿನಲ್ಲೇ ಸೇರಿಹೋದ ಕಯ್ಯಾರ ಕಿಞ್ಞಣ್ಣ ರೈಗಳೇ ಈ ಅಳತೆಗೋಲಿನ ಮುಂದೆ ನಿಂತರೂ ಪರಸ್ಥಳದವರೇ! ಇದು ಯಾರದಾದರೂ ದುರುದ್ದೇಶವೆಂದು ನಾನು ಹೇಳುವುದಿಲ್ಲ. ಕರಡು ಬರೆದ ಅಧಿಕಾರಿಗೆ ನಮ್ಮ ನೆನಪಾಗಲಿಲ್ಲ, ಅಷ್ಟೆ. ಅಧಿಕಾರಿಗೆ ನೆನಪಾಗದ್ದನ್ನು ನೆನಪಿಸಲೆಂದೇ ಶಾಸಕರಿರುವುದು.

ಮಸೂದೆಯೊಂದು ಸದನಕ್ಕೆ ಬಂದಾಗ ಅದರ ಖಂಡಖಂಡವನ್ನೂ ಪ್ರತ್ಯೇಕವಾಗಿ ಪರಿಶೀಲಿಸುವ ಅವಕಾಶವಿದೆ. ಸದಸ್ಯರು ತಿದ್ದುಪಡಿ ಸೂಚಿಸಬಹುದು. ಇನ್ನೂ ಆಳವಾದ ಪರಿಶೀಲನೆ ಬೇಕಾದರೆ ಉಭಯ ಸದನಗಳ ಜಂಟಿ ಸಮಿತಿಗೆ ಒಪ್ಪಿಸಬಹುದು. ಆ ಸಮಿತಿ ಸಂಬಂಧಪಟ್ಟವರನ್ನು ಕರೆದು ಅವರ ಅಹವಾಲು ಕೇಳಬಹುದು. ‘ಕರ್ನಾಟಕದಲ್ಲಿ ಹುಟ್ಟಿದ’ ಎಂಬ ಮಾತಿನ ಮುಂದೆ ‘ಅಥವಾ ಕನ್ನಡಿಗ ತಂದೆತಾಯಿಗೆ ಹುಟ್ಟಿದ’ ಎಂಬ ಮಾತೊಂದನ್ನು ಸೇರಿಸಲು ಬೇಕಾಗಿದ್ದದ್ದು ಒಬ್ಬ ಶಾಸಕರ ಹತ್ತು ನಿಮಿಷದ ಶ್ರಮ. ಆದರೆ ಮಸೂದೆಯೇ ಸದನಕ್ಕೆ ಬಾರದಿದ್ದರೆ ತಿದ್ದುಪಡಿ ಎಲ್ಲಿಯದು? ತಡೆಹಿಡಿದ ಮಸೂದೆ ನಾಳೆ ಇನ್ನೊಂದು ಸರಕಾರದ ಕೈಯಲ್ಲಿ ಅದೇ ಪದಗಳೊಂದಿಗೆ ಎದ್ದು ಬಂದರೆ ಅದನ್ನು ತಡೆಯುವಂಥ ಒಂದು ವಾಕ್ಯವೂ ಆ ವಾರದ ಕಡತದಲ್ಲಿಲ್ಲ.

ಹಾಗಾದರೆ ಆ ವಾರ ಶಾಸಕರು ಸುಮ್ಮನೆ ಕುಳಿತಿದ್ದರೇ? ಇಲ್ಲ. ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣವನ್ನು ವಿರೋಧ ಪಕ್ಷ ಎತ್ತಿತು. ಬಡವರ ಹಣ ಎಲ್ಲಿ ಹೋಯಿತೆಂದು ಕೇಳುವುದು ಶಾಸಕರ ಮೊದಲ ಕರ್ತವ್ಯ. ಆ ಕರ್ತವ್ಯದ ಜೊತೆಗೆ ಗದ್ದಲ, ಘೋಷಣೆ, ಸದನದ ಬಾವಿಗಿಳಿಯುವ ಆಟಗಳೂ ಸೇರಿಕೊಂಡವು ಎಂಬುದು ಬೇರೆ ಮಾತು. ಅದೇ ವಾರ ಪಂಚೆ ಉಟ್ಟು ಬಂದ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದು ಒಳಗೆ ಬಿಡದ ಸುದ್ದಿ ಬಂತು. ಸದನ ಒಂದೇ ದನಿಯಲ್ಲಿ ಕೆರಳಿತು. ಏಳು ದಿನ ಆ ಮಾಲನ್ನು ಮುಚ್ಚಿಸುವುದಾಗಿ ಸಚಿವರು ಅಲ್ಲಿಯೇ ಪ್ರಕಟಿಸಬೇಕಾಯಿತು. ನೋಡಿ, ಮನಸ್ಸು ಮಾಡಿದರೆ ಸದನ ಏನು ಮಾಡಬಲ್ಲದು! ಒಬ್ಬ ರೈತನ ಪಂಚೆಯ ಮಾನಕ್ಕಾಗಿ ಎದ್ದು ನಿಂತ ಸದನ, ಲಕ್ಷಾಂತರ ಜನರ ಕೆಲಸದ ಪ್ರಶ್ನೆಯನ್ನು ತನ್ನ ಕೈಯಿಂದ ಕಿತ್ತುಕೊಂಡಾಗ ಏಕೆ ಕೆರಳಲಿಲ್ಲ? ‘ಸದನ ನಡೆಯುತ್ತಿರುವಾಗ ಹೊರಗೆ ನೀತಿ ಪ್ರಕಟಿಸಿದ್ದೇಕೆ, ಹೊರಗೇ ಹಿಂತೆಗೆದದ್ದೇಕೆ?’ ಎಂದು ಪಕ್ಷಭೇದವಿಲ್ಲದೆ ಎಲ್ಲರೂ ಪಟ್ಟು ಹಿಡಿಯಬಹುದಿತ್ತಲ್ಲ?

ಇದು ಒಂದು ಪಕ್ಷದ ದೋಷವೆಂದು ತಿಳಿಯುವವರಿಗೆ ಬೇರೆ ಎರಡು ದಿನಗಳನ್ನು ತೋರಿಸುತ್ತೇನೆ. 2022ರ ಫೆಬ್ರುವರಿ 22. ಆಳುತ್ತಿದ್ದದ್ದು ಭಾರತೀಯ ಜನತಾ ಪಕ್ಷ, ಧರಣಿ ಕುಳಿತಿದ್ದದ್ದು ಕಾಂಗ್ರೆಸ್. 2025ರ ಮಾರ್ಚ್ 21. ಆಳುತ್ತಿದ್ದದ್ದು ಕಾಂಗ್ರೆಸ್, ಗದ್ದಲ ಮಾಡುತ್ತಿದ್ದದ್ದು ಭಾರತೀಯ ಜನತಾ ಪಕ್ಷ. ಈ ಎರಡೂ ದಿನ, ಕಿವಿಗಡಚಿಕ್ಕುವ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಅಂಗೀಕಾರವಾದದ್ದು ಮಂತ್ರಿಗಳ ಮತ್ತು ಶಾಸಕರ ಸಂಬಳ ಏರಿಸುವ ಮಸೂದೆಗಳು. ಎರಡನೆಯ ಸಲ ಶಾಸಕರ ಮೂಲ ವೇತನ ತಿಂಗಳಿಗೆ 40,000 ರೂಪಾಯಿಯಿಂದ 80,000ಕ್ಕೆ ಏರಿತು. ಅದೇ ದಿನ ವಿರೋಧ ಪಕ್ಷದ 18 ಮಂದಿ ಶಾಸಕರನ್ನು ಆರು ತಿಂಗಳ ಕಾಲ ಅಮಾನತಿನಲ್ಲಿಡಲಾಯಿತು. ಆಳುವವರೂ ಧರಣಿ ಕೂರುವವರೂ ಜಾಗ ಬದಲಿಸಿಕೊಂಡರು. ಮಸೂದೆ ಸಾಗಿದ ರೀತಿ ಬದಲಾಗಲಿಲ್ಲ. ಸಂಬಳ ಏರಿಸಿಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ದುಡಿದವರಿಗೆ ಕೂಲಿ ಬೇಕು. ಆದರೆ ಕೂಲಿಯನ್ನು ಎಣಿಸುವ ಮೊದಲು ದುಡಿದ ದಿನಗಳನ್ನು ಎಣಿಸುವುದು ಲೋಕರೂಢಿ.

ಆ ದಿನಗಳನ್ನೂ ಎಣಿಸೋಣ. ಸದನದ ಎರಡು ಸಭೆಗಳ ನಡುವೆ ಆರು ತಿಂಗಳು ಮೀರಬಾರದೆಂದು ಮಾತ್ರ ಸಂವಿಧಾನದ 174ನೆಯ ವಿಧಿ ಹೇಳುತ್ತದೆ. ಅದು ಸಾಲದೆಂದು ಕರ್ನಾಟಕದ ವಿಧಾನಮಂಡಲ 2005ರಲ್ಲಿ ತಾನೇ ಒಂದು ಶಾಸನ ಮಾಡಿಕೊಂಡಿತು: ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರತಕ್ಕದ್ದು. ದೇಶದಲ್ಲಿ ಇಂಥ ಶಾಸನ ಮಾಡಿಕೊಂಡ ರಾಜ್ಯಗಳು ಬಲು ವಿರಳವೆಂದು ಹೆಮ್ಮೆಪಡಬೇಕಿತ್ತು. ಆದರೆ ಪಿ.ಆರ್.ಎಸ್. ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಕರ್ನಾಟಕದ ವಿಧಾನಸಭೆ ಸೇರಿದ್ದು 40 ದಿನ. ಆ ವರ್ಷ ಕೇರಳದ ಸಭೆ 61 ದಿನ ಸೇರಿತು, ಅಂಥ ಶಾಸನದ ಕಟ್ಟು ಇಲ್ಲದೆಯೂ! 2023ರಲ್ಲಿ ದೇಶದ ವಿಧಾನಸಭೆಗಳ ಸರಾಸರಿ ಬರೀ 22 ದಿನ. ಉಳಿದವರಿಗಿಂತ ನಾವು ಮೇಲು ಎಂದು ಕರ್ನಾಟಕದವರು ಸಮಾಧಾನಪಟ್ಟುಕೊಳ್ಳಬಹುದು. ಆದರೆ ತಾನು ಬರೆದ ಶಾಸನವನ್ನು ತಾನೇ ಪಾಲಿಸದ ಸಭೆಗೆ, ರೈತನೋ ವ್ಯಾಪಾರಿಯೋ ತನ್ನ ಶಾಸನವನ್ನು ಪಾಲಿಸಲಿಲ್ಲವೆಂದು ದಂಡ ವಿಧಿಸುವ ನೈತಿಕ ಅಧಿಕಾರ ಎಲ್ಲಿಂದ ಬರಬೇಕು?

ಇಲ್ಲಿ ಶಾಸಕರ ಪರವಾಗಿ ಎರಡು ವಾದಗಳು ಕೇಳಿಬರುತ್ತವೆ. ಮೊದಲನೆಯದು, ಪಕ್ಷಾಂತರ ನಿಷೇಧದ ವಾದ. 1985ರಲ್ಲಿ 52ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಬಂದ ಮೇಲೆ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಶಾಸಕತ್ವವೇ ಹೋಗುತ್ತದೆ. ಹೀಗಿರುವಾಗ ಅವರೇನು ಮಾಡಿಯಾರು ಎಂಬುದು. ವಿಪ್ ಕಟ್ಟುವುದು ಮತವನ್ನು, ನಾಲಗೆಯನ್ನಲ್ಲ. ಸದನದಲ್ಲಿ ಆಡಿದ ಮಾತಿಗೆ ಯಾವ ನ್ಯಾಯಾಲಯವೂ ಲೆಕ್ಕ ಕೇಳುವಂತಿಲ್ಲವೆಂದು ಸಂವಿಧಾನದ 194ನೆಯ ವಿಧಿ ಶಾಸಕರಿಗೆ ಅಭಯ ಕೊಟ್ಟಿದೆ. ಪಕ್ಷದ ಮಸೂದೆಗೆ ಮತ ಹಾಕುತ್ತಲೇ ಅದರ ದೋಷವನ್ನು ಎತ್ತಿ ಹೇಳಬಹುದು. ಇನ್ನು ವಿಪ್ಪಿಗೆ ಶಾಸಕರು ಅಷ್ಟು ಅಂಜುವವರೇ ಆಗಿದ್ದರೆ 2019ರ ಜುಲೈ ತಿಂಗಳನ್ನು ನಾವು ಮುಂಬಯಿಯವರು ಕಣ್ಣಾರೆ ಕಾಣುತ್ತಿರಲಿಲ್ಲ. ವಿಧಾನಸಭೆಯಲ್ಲಿ ವಿಶ್ವಾಸಮತದ ಚರ್ಚೆ ಜುಲೈ 18ರಂದು ಆರಂಭವಾಗಿ 23ರಂದು 99–105 ಮತಗಳಿಂದ ಸರಕಾರ ಉರುಳುವವರೆಗೂ, ರಾಜೀನಾಮೆ ಕೊಟ್ಟ ಶಾಸಕರಲ್ಲಿ ಹಲವರು ಇದೇ ನಗರದ ಐಷಾರಾಮಿ ಹೋಟೆಲಿನಲ್ಲಿದ್ದರು. ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದೂ ಮರಳಿ ಸ್ಪರ್ಧಿಸಲು ದಾರಿ ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಗೆದ್ದು ಬಂದರು. ಅಧಿಕಾರಕ್ಕಾಗಿ ಪಕ್ಷವನ್ನು ಮೀರುವ ಧೈರ್ಯವಿರುವವರಿಗೆ ಮಸೂದೆಯ ಒಂದು ಪದಕ್ಕಾಗಿ ಬಾಯಿ ತೆರೆಯುವ ಧೈರ್ಯವಿಲ್ಲವೆಂದರೆ ಯಾರು ನಂಬಬೇಕು?

ಎರಡನೆಯದು, ಕ್ಷೇತ್ರದ ವಾದ. ಶಾಸನದ ಮಾತು ಮತದಾರನಿಗೆ ಬೇಡ. ಅವನಿಗೆ ಬೇಕಾದದ್ದು ಮಗನ ವರ್ಗಾವಣೆ, ಊರಿನ ರಸ್ತೆ. ಅದನ್ನು ಮಾಡಿಕೊಡದ ಶಾಸಕ ಸೋಲುತ್ತಾನೆ ಎಂಬುದು. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕೆ ಮದ್ದು ಇರುವುದೂ ಸದನದಲ್ಲೇ. ಶಿಕ್ಷಕರ ವರ್ಗಾವಣೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಬೇಸಗೆಯಲ್ಲಿ ಶಾಸಕರ ಭವನದ ಪಡಸಾಲೆ ತುಂಬುತ್ತಿದ್ದದ್ದು ಮೇಷ್ಟ್ರುಗಳಿಂದ. 2007ರಲ್ಲಿ ಶಿಕ್ಷಕರ ವರ್ಗಾವಣೆಯನ್ನು ಕೌನ್ಸೆಲಿಂಗ್ ಮೂಲಕ ನಡೆಸುವ ಶಾಸನ ಬಂತು. ಅದರ ಲೋಪಗಳು ಏನೇ ಇರಲಿ, ಶಾಸಕರ ಚೀಟಿಗಿಂತ ಹಿರಿದಾದ ಒಂದು ನಿಯಮ ಹುಟ್ಟಿತು. ಒಳ್ಳೆಯ ಶಾಸನವೊಂದು ಸಾವಿರ ಶಿಫಾರಸು ಪತ್ರಗಳ ಕೆಲಸ ಮಾಡುತ್ತದೆ, ಅದೂ ಯಾರ ಋಣವೂ ಇಲ್ಲದೆ. ಬಹುಶಃ ಕೆಲವರಿಗೆ ಅದೇ ಬೇಡವಾದದ್ದು: ಋಣ ಉಳಿಯದ ಉಪಕಾರ. ಬೆಂಗಳೂರು ನಗರ ಜಿಲ್ಲೆಯ ಸರಕಾರಿ ಭೂಮಿಯ ಒತ್ತುವರಿಯನ್ನು ಶೋಧಿಸಿ 2007ರಲ್ಲಿ ವರದಿ ಕೊಟ್ಟ ಎ. ಟಿ. ರಾಮಸ್ವಾಮಿಯವರ ಜಂಟಿ ಸದನ ಸಮಿತಿಯನ್ನು ನೆನೆಯಿರಿ. ಅವರೂ ಕ್ಷೇತ್ರವಿದ್ದ ಶಾಸಕರೇ. ಕಡತ ಓದುವ ತಾಳ್ಮೆಯಿರುವ ಶಾಸಕನಿಗೆ ಎಷ್ಟು ಅಧಿಕಾರವಿದೆಯೆಂಬುದನ್ನು ಆ ಸಮಿತಿ ತೋರಿಸಿಕೊಟ್ಟಿತು.

ಇಷ್ಟಕ್ಕೂ ಅಲ್ಲಿ ಮತವಿಲ್ಲದ ನಮಗೆ ಈ ಉಸಾಬರಿ ಏಕೆ ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಅವರು ತಮ್ಮ ಮನೆಯ ಹಿರಿಯರನ್ನು ಕೇಳಲಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗನ ಊರಿನ ಮನೆಗೂ, ಅದೇ ಹೋಟೆಲಿನ ಗಲ್ಲಾದಲ್ಲಿ ಕುಳಿತ ಧಣಿಯ ಊರಿನ ಮನೆಗೂ ಆ ಶಾಸನ ಒಂದೇ ದಿನ ಬಾಗಿಲು ತಟ್ಟಿತು. ಒಬ್ಬನಿಗೆ ಗದ್ದೆ ಬಂತು, ಇನ್ನೊಬ್ಬನಿಗೆ ಹೋಯಿತು. ಇಬ್ಬರಿಗೂ ವಿಧಾನಸೌಧ ದೂರದಲ್ಲಿತ್ತು, ಶಾಸನ ದೂರದಲ್ಲಿರಲಿಲ್ಲ. ಇಂದಿಗೂ ನಮ್ಮ ಮಕ್ಕಳು ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವಾಗ ಹೊರನಾಡು, ಗಡಿನಾಡು ಎಂಬ ಕಲಮುಗಳ ಕೆಳಗೆ ತಮ್ಮ ಕನ್ನಡತನವನ್ನು ರುಜುವಾತು ಮಾಡಬೇಕು. ಆ ಕಲಮುಗಳಿಂದಾಗಿ ಪ್ರವೇಶದ ಮಟ್ಟಿಗೆ ನಾವು ಕನ್ನಡಿಗರು. ಉದ್ಯೋಗದ ಕರಡಿನಲ್ಲಿ ಅಲ್ಲ. ಒಂದೇ ರಾಜ್ಯ ಒಂದೇ ಮಗುವಿಗೆ ಹದಿನೆಂಟನೆಯ ವಯಸ್ಸಿನಲ್ಲಿ ‘ಬಾ’ ಎಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ‘ನೀನು ಯಾರು’ ಎಂದು ಕೇಳುವುದು ಯಾವ ನ್ಯಾಯ?

ಸದನದ ನೆಲದ ಬೆಲೆ ಏನೆಂಬುದನ್ನು ಕನ್ನಡ ಅಲ್ಪಸಂಖ್ಯಾತವಾಗಿರುವ ಕಡೆಯಿಂದ ಕಲಿಯಬೇಕು. ಸಂವಿಧಾನದ 210ನೆಯ ವಿಧಿಯಂತೆ ವಿಧಾನಮಂಡಲದ ಕಲಾಪ ರಾಜ್ಯದ ಅಧಿಕೃತ ಭಾಷೆಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯಬೇಕು. ಆ ಭಾಷೆಗಳಲ್ಲಿ ಮನಸ್ಸು ತೋಡಿಕೊಳ್ಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. 2021ರ ಮೇ ತಿಂಗಳಲ್ಲಿ ಕೇರಳದ ವಿಧಾನಸಭೆಯಲ್ಲಿ ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಒಂದೆರಡು ನಿಮಿಷದ ಆ ಕನ್ನಡಕ್ಕಾಗಿ ಕಾಸರಗೋಡಿನ ಕನ್ನಡಿಗರು ಎಷ್ಟು ಹಿಗ್ಗಿದರೆಂಬುದು ನಮಗೆಲ್ಲ ಗೊತ್ತಿದೆ. ಕನ್ನಡವೇ ಅಧಿಕೃತ ಭಾಷೆಯಾಗಿರುವ ಸದನದಲ್ಲಿ ಕನ್ನಡಕ್ಕೆ ಕನಿಷ್ಠ 60 ದಿನಗಳ ಹಕ್ಕಿದೆ. ಆ ದಿನಗಳಲ್ಲಿ ಎಷ್ಟೋ ದಿನ ಸದನ ಸೇರುವುದೇ ಇಲ್ಲ. ಸೇರಿದಾಗಲೂ ಎಷ್ಟೋ ತಾಸುಗಳು ಗದ್ದಲಕ್ಕೆ ಹೋಗುತ್ತವೆ. ಇದ್ದವರು ಚೆಲ್ಲುವುದನ್ನು ಇಲ್ಲದವರು ನೋಡುವಾಗ ಆಗುವ ಸಂಕಟ ನಮ್ಮದು.

ನಮ್ಮ ಸಂಘಗಳೂ ಈ ಮಾತಿನಿಂದ ಹೊರತಲ್ಲ. ರಾಜ್ಯೋತ್ಸವ ಬಂತೆಂದರೆ ಊರಿನ ಶಾಸಕರೊಬ್ಬರಿಗೆ ವಿಮಾನದ ಟಿಕೇಟು ಕಳುಹಿಸುತ್ತೇವೆ. ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಫಲ ತಾಂಬೂಲ ಕೊಟ್ಟು, ಸಭಾಭವನದ ಕಟ್ಟಡಕ್ಕೆ ಅನುದಾನದ ಮನವಿಯನ್ನು ಅವರ ಕೈಗಿಡುತ್ತೇವೆ. ಅವರು ‘ಹೊರನಾಡ ಕನ್ನಡಿಗರೇ ನಿಜವಾದ ಕನ್ನಡಿಗರು’ ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆ ನಿಜವಾದ ಕನ್ನಡಿಗನನ್ನು ಸ್ಥಳೀಯನಲ್ಲವೆಂದು ಕರಡಿನಲ್ಲಿ ಬರೆದ ವಾರ ತಾವು ಎಲ್ಲಿದ್ದಿರಿ ಸ್ವಾಮಿ ಎಂದು ಕೇಳುವ ಒಬ್ಬ ಕಾರ್ಯದರ್ಶಿಯೂ ನಮ್ಮ ವೇದಿಕೆಗಳಲ್ಲಿ ಕಾಣಲಿಲ್ಲ. ಕೇಳಿದರೆ ಅನುದಾನ ತಪ್ಪೀತೆಂಬ ಭಯ. ಬೇಡುವವನಾಗಿ ನಿಂತವನು ಕೇಳುವವನಾಗಲಾರ.

ಆದುದರಿಂದ ನನ್ನ ಬೇಡಿಕೆಗಳು ಇವು. ವರ್ಷಕ್ಕೆ 60 ದಿನ ಸೇರಬೇಕೆಂಬ 2005ರ ಶಾಸನವನ್ನು ಸದನ ಪಾಲಿಸಲಿ. ಪಾಲಿಸದ ವರ್ಷ ಏಕೆ ಪಾಲಿಸಲಿಲ್ಲವೆಂಬ ಕಾರಣವನ್ನು ಸರಕಾರ ಸದನದ ಮುಂದೆ ಲಿಖಿತವಾಗಿ ಇಡಲಿ. ಭಾಷೆ, ನೆಲೆ, ಉದ್ಯೋಗಗಳಿಗೆ ಸಂಬಂಧಿಸಿದ ಯಾವ ಮಸೂದೆಯೂ ಜಂಟಿ ಸಮಿತಿಯ ಪರಿಶೀಲನೆಯಿಲ್ಲದೆ ಅಂಗೀಕಾರವಾಗದಿರಲಿ. ಆ ಸಮಿತಿಯ ಮುಂದೆ ಹೊರನಾಡ, ಗಡಿನಾಡ ಕನ್ನಡಿಗರ ಅಹವಾಲಿಗೂ ಅವಕಾಶವಿರಲಿ. ಸ್ಥಳೀಯರ ಮಸೂದೆ ಮತ್ತೆ ಬರುವುದಾದರೆ ಸದನದ ಮುಂಬಾಗಿಲಿನಿಂದಲೇ ಬರಲಿ, ಹುಟ್ಟಿದ ಊರಿನ ಷರತ್ತನ್ನು ಬಿಟ್ಟು ಬರಲಿ. ಮತ್ತು ನಮ್ಮ ಸಂಘಗಳು ಯಾವ ಶಾಸಕರನ್ನು ಆಹ್ವಾನಿಸಿದರೂ ಆಹ್ವಾನ ಪತ್ರದಲ್ಲೇ ಮೂರು ಪ್ರಶ್ನೆಗಳನ್ನು ಬರೆಯಲಿ: ಕಳೆದ ವರ್ಷ ತಾವು ಎಷ್ಟು ದಿನ ಸದನದಲ್ಲಿದ್ದಿರಿ? ಯಾವ ಯಾವ ಮಸೂದೆಗಳ ಮೇಲೆ ಮಾತನಾಡಿದಿರಿ? ಯಾವ ತಿದ್ದುಪಡಿ ಸೂಚಿಸಿದಿರಿ? ಉತ್ತರ ತಂದವರಿಗೆ ಪೇಟ ಇಡೋಣ, ಸಂತೋಷದಿಂದ ಇಡೋಣ. ಉತ್ತರವಿಲ್ಲದವರಿಗೆ ಊಟ ಹಾಕಿ ಕಳುಹಿಸೋಣ. ಅತಿಥಿಯನ್ನು ಹಸಿದು ಕಳುಹಿಸುವುದು ನಮ್ಮ ಪದ್ಧತಿಯಲ್ಲ.

ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ಆ ಬರಹವನ್ನು ಶಾಸಕರು ಎಷ್ಟೋ ಸಲ ಉದಾಹರಿಸುತ್ತಾರೆ, ನಮ್ಮ ವೇದಿಕೆಗಳ ಮೇಲೂ. ಶಾಸಕರ ಕೆಲಸ ಮಾತ್ರ ಸರಕಾರದ ಕೆಲಸವಲ್ಲ. ಸರಕಾರ ಮಾಡುವ ಕೆಲಸಕ್ಕೆ ಲೆಕ್ಕ ಕೇಳುವುದು ಅವರ ಕೆಲಸ. ಮುಂದಿನ ರಾಜ್ಯೋತ್ಸವದ ಆಹ್ವಾನ ಪತ್ರಗಳು ಅಚ್ಚಾಗುವ ಮೊದಲು ನಮ್ಮ ಕಾರ್ಯಕಾರಿ ಸಮಿತಿಗಳು ಈ ವ್ಯತ್ಯಾಸವನ್ನು ಒಮ್ಮೆ ಚರ್ಚಿಸಲಿ.